ಎರಡನೇ ಡೋಸ್ ಎಲ್ಲಿಂದ ಬರುತ್ತದೆ? ಲಸಿಕೆ ರಾಜತಾಂತ್ರಿಕತೆ ಮತ್ತು ಗಡಿನಾಡು ಕಾಸರಗೋಡು

2021ರ ಜೂನ್‌ನಲ್ಲಿ ಉಪ್ಪಳ, ಕುಂಬಳೆ, ಚೆರ್ಕಳ, ಬದಿಯಡ್ಕದ ಕಡೆ ರಜೆಗೆ ಬಂದು ಊರಲ್ಲೇ ಸಿಕ್ಕಿಹಾಕಿಕೊಂಡಿದ್ದ ಗಲ್ಫ್ ನೌಕರರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಲಸಿಕೆ ಹಾಕಿಸಿಕೊಂಡರೆ ವೀಸಾ ಮುಗಿಯುವ ಮೊದಲು ವಾಪಸು ಹೋಗಬಹುದು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಜಿಲ್ಲಾ ವೈದ್ಯಾಧಿಕಾರಿ ಕಚೇರಿಯಲ್ಲೂ ಇರಲಿಲ್ಲ, ತಿರುವನಂತಪುರದಲ್ಲೂ ಪೂರ್ತಿಯಾಗಿ ಇರಲಿಲ್ಲ. ರಿಯಾದ್, ಅಬುಧಾಬಿ, ಕುವೈತ್‌ನ ಸರಕಾರಗಳು, ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ, ದೆಹಲಿಯ ವಿದೇಶಾಂಗ ಸಚಿವಾಲಯ ಇವರೆಲ್ಲ ಸೇರಿ ತೀರ್ಮಾನಿಸಬೇಕಾದ ಸಂಗತಿ ಅದಾಗಿತ್ತು. ವಿದೇಶಾಂಗ ನೀತಿ ಕಾಸರಗೋಡಿನ ಮನೆಗಳ ಒಳಗೆ ಬಂದದ್ದು ಹೀಗೆ, ಒಂದು ಲಸಿಕೆಯ ಹೆಸರಿನ ರೂಪದಲ್ಲಿ.

ಲಸಿಕೆ ರಾಜತಾಂತ್ರಿಕತೆ ಎಂದ ಕೂಡಲೇ ವಿಮಾನದಿಂದ ಇಳಿಯುವ ಬಿಳಿ ಪೆಟ್ಟಿಗೆಗಳು, ಅದರ ಮೇಲಿನ ಧ್ವಜ, ಪಕ್ಕದಲ್ಲಿ ನಿಂತ ರಾಯಭಾರಿ ನೆನಪಾಗುತ್ತಾರೆ. ಆದರೆ ಆ ಹೆಸರಿನ ಅಡಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಲಸಿಕೆಯನ್ನು ಕೊಡುವುದು ಅಥವಾ ಮಾರುವುದು ಒಂದು. ಅಗತ್ಯ ಬಿದ್ದಾಗ ರಫ್ತು ತಡೆದು ತಮ್ಮಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಬೇರೆ ದೇಶದಲ್ಲಿ ತಯಾರಾದ ಲಸಿಕೆಯನ್ನೂ ಅದರ ಪ್ರಮಾಣಪತ್ರವನ್ನೂ ಒಪ್ಪುವುದು ಅಥವಾ ಒಪ್ಪದಿರುವುದು ಮೂರನೆಯದು. ಮೊದಲನೆಯದರ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ಒಂದು ದೇಶದ ಮೇಲೆ ಇನ್ನೊಂದು ದೇಶಕ್ಕೆ ಉಳಿಯುವ ನಂಬಿಕೆಯನ್ನು ನಿರ್ಧರಿಸಿದ್ದು ಉಳಿದ ಎರಡು ಎಂಬುದು ಈ ಲೇಖನದ ವಾದ.

ಕೊಟ್ಟದ್ದೆಷ್ಟು, ಮಾರಿದ್ದೆಷ್ಟು

ಭಾರತದಲ್ಲಿ ಲಸಿಕೆ ಅಭಿಯಾನ ಶುರುವಾದದ್ದು 2021ರ ಜನವರಿ 16ರಂದು. ನಾಲ್ಕೇ ದಿನಗಳಲ್ಲಿ, ಜನವರಿ 20ರಂದು, ಹೊರದೇಶಗಳಿಗೆ ಲಸಿಕೆ ಕಳಿಸುವ ಭಾರತದ ಯೋಜನೆಯಾದ ವ್ಯಾಕ್ಸಿನ್ ಮೈತ್ರಿಯ ಮೊದಲ ಪೆಟ್ಟಿಗೆಗಳು ಭೂತಾನ್ ಮತ್ತು ಮಾಲ್ದೀವ್ಸ್‌ಗೆ ಹೊರಟವು. ಭೂತಾನ್‌ಗೆ 1.5 ಲಕ್ಷ ಡೋಸ್, ಮಾಲ್ದೀವ್ಸ್‌ಗೆ 1 ಲಕ್ಷ. ಮರುದಿನ ಬಾಂಗ್ಲಾದೇಶಕ್ಕೆ 20 ಲಕ್ಷ, ನೇಪಾಳಕ್ಕೆ 10 ಲಕ್ಷ. ಅದರ ಬೆನ್ನಿಗೆ ಮ್ಯಾನ್ಮಾರ್, ಸೀಶೆಲ್ಸ್, ಮಾರಿಷಸ್, ಶ್ರೀಲಂಕಾ, ಅಫ್ಘಾನಿಸ್ತಾನ. ನೆರೆಯವರಿಗೆ ಮೊದಲು ಎಂಬ ನೀತಿಯ ನಕ್ಷೆ ಈ ಪಟ್ಟಿಯಲ್ಲೇ ಇದೆ, ಪಾಕಿಸ್ತಾನ ಇಲ್ಲಿ ಇಲ್ಲ ಎಂಬುದೂ ಸೇರಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೂ 2 ಲಕ್ಷ ಡೋಸ್ ಉಡುಗೊರೆಯಾಗಿ ಘೋಷಣೆಯಾಯಿತು.

ಆ ದಿನಗಳ ವರದಿಗಳನ್ನು ಓದಿದವರಿಗೆ ಇದೆಲ್ಲವೂ ದಾನ ಎಂಬ ಭಾವನೆ ಉಳಿದಿರಬಹುದು. ವಿದೇಶಾಂಗ ಸಚಿವಾಲಯವೇ ಪ್ರಕಟಿಸಿದ 2021ರ ಮೇ ಅಂತ್ಯದ ಲೆಕ್ಕ ಬೇರೆ ಹೇಳುತ್ತದೆ. 95 ದೇಶಗಳಿಗೆ ಹೋದ ಒಟ್ಟು 6.63 ಕೋಟಿ ಡೋಸ್‌ಗಳಲ್ಲಿ ಉಡುಗೊರೆ 1.07 ಕೋಟಿ. ವ್ಯಾಪಾರಿ ಒಪ್ಪಂದದ ಮೇಲೆ ಹೋದದ್ದು 3.57 ಕೋಟಿ. ಉಳಿದ 1.98 ಕೋಟಿ ಕೋವ್ಯಾಕ್ಸ್ ಎಂಬ ಜಾಗತಿಕ ಹಂಚಿಕೆ ವ್ಯವಸ್ಥೆಯ ಮೂಲಕ ಹೋಯಿತು. ಅಂದರೆ ಆರರಲ್ಲಿ ಒಂದು ಭಾಗ ಮಾತ್ರ ದಾನ. ಮಾರಿದ್ದು ತಪ್ಪೆಂದು ಇದರ ಅರ್ಥವಲ್ಲ. ಬಡ ದೇಶಗಳಿಗೆ ಆಗ ಮೂರು ನಾಲ್ಕು ಡಾಲರಿಗೆ ಸಿಗುತ್ತಿದ್ದ, ಸಾಮಾನ್ಯ ಫ್ರಿಜ್‌ನಲ್ಲಿ ಇಡಬಹುದಾದ ಲಸಿಕೆ ಬಹುಮಟ್ಟಿಗೆ ಕೋವಿಶೀಲ್ಡ್ ಒಂದೇ, ಅಂದರೆ ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಆಸ್ಟ್ರಾಜೆನೆಕಾ ಲಸಿಕೆ. ಆದರೆ ಉಡುಗೊರೆ ತಡವಾದರೆ ಬೇಸರವಾಗುತ್ತದೆ, ಮುಂಗಡ ಹಣ ಕಟ್ಟಿದ ಸರಕು ಬಾರದಿದ್ದರೆ ಜಗಳವಾಗುತ್ತದೆ. ಮುಂದೆ ಆದದ್ದು ಎರಡನೆಯದೇ.

ಪೆಟ್ಟಿಗೆಯೊಂದು ಗಡಿ ದಾಟುವ ಬಗೆ

ಒಂದು ದೇಶದ ಪ್ರಧಾನಿ ಇನ್ನೊಂದು ದೇಶದ ಪ್ರಧಾನಿಗೆ ದೂರವಾಣಿ ಮಾಡಿದ ಮಾತ್ರಕ್ಕೆ ಲಸಿಕೆ ಹೊರಡುವುದಿಲ್ಲ. ಮೊದಲು ಪಡೆಯುವ ದೇಶದ ಔಷಧ ನಿಯಂತ್ರಕರು ಆ ಲಸಿಕೆಗೆ ತುರ್ತು ಬಳಕೆಯ ಅನುಮತಿ ಕೊಡಬೇಕು, ಇಲ್ಲವೇ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆ ಪಟ್ಟಿಯಲ್ಲಿರುವುದನ್ನು ನೆಚ್ಚಿಕೊಳ್ಳಬೇಕು. ಕೋವಿಶೀಲ್ಡ್‌ಗೆ ಈ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು 2021ರ ಫೆಬ್ರವರಿ 15ರಂದು. ಫೆಬ್ರವರಿ 24ರಂದು ಘಾನಾ ದೇಶಕ್ಕೆ ಇಳಿದ 6 ಲಕ್ಷ ಡೋಸ್, ಕೋವ್ಯಾಕ್ಸ್‌ನ ಜಗತ್ತಿನ ಮೊದಲ ರವಾನೆ, ಪುಣೆಯಲ್ಲಿ ತಯಾರಾದದ್ದು. ಆಮೇಲೆ ಅಡ್ಡಪರಿಣಾಮವಾದರೆ ಪರಿಹಾರ ಯಾರು ಕೊಡಬೇಕೆಂಬ ಹೊಣೆಗಾರಿಕೆ ಪತ್ರ. ಇದು ಬರಿಯ ಕಾಗದವೆಂದು ತೋರಿದರೂ ಭಾರತಕ್ಕೆ ಅಮೆರಿಕ ಕೊಡಲೊಪ್ಪಿದ್ದ ಮಾಡರ್ನಾ ಲಸಿಕೆ ಇದೇ ಷರತ್ತಿನ ಗಂಟಿನಲ್ಲಿ ಸಿಕ್ಕಿ ಕೊನೆಗೂ ಇಲ್ಲಿಗೆ ಬರಲಿಲ್ಲ.

ತಯಾರಾದ ಪ್ರತಿ ಬ್ಯಾಚ್‌ನ ಮಾದರಿ ಹಿಮಾಚಲದ ಕಸೌಲಿಯಲ್ಲಿರುವ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಹೋಗಿ ಬಿಡುಗಡೆ ಪತ್ರ ಪಡೆಯಬೇಕು. ಕೋವಿಶೀಲ್ಡ್ ಕುಪ್ಪಿಯೊಂದರಲ್ಲಿ 5 ಮಿಲಿಲೀಟರ್, ಒಬ್ಬರಿಗೆ 0.5 ಮಿಲಿಲೀಟರ್‌ನಂತೆ 10 ಡೋಸ್. ಹಾಗಾಗಿ ಭೂತಾನ್‌ಗೆ ಹೋದ 1.5 ಲಕ್ಷ ಡೋಸ್ ಅಂದರೆ 15,000 ಸಣ್ಣ ಕುಪ್ಪಿಗಳು. ತೂಕದ ದೃಷ್ಟಿಯಿಂದ ದೊಡ್ಡ ಹೊರೆಯೇನಲ್ಲ. ಕಷ್ಟವಿರುವುದು ತಾಪಮಾನದಲ್ಲಿ: ಕಾರ್ಖಾನೆಯಿಂದ ತೋಳಿನವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಭಾರತ್ ಬಯೋಟೆಕ್ ತಯಾರಿಸಿದ ಕೋವ್ಯಾಕ್ಸಿನ್‌ನಂಥ, ಅಲ್ಯುಮಿನಿಯಂ ಲವಣ ಸೇರಿದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಆ ಲವಣದ ಕಣಗಳು ಗರಣೆಗಟ್ಟಿ, ಕರಗಿದ ಮೇಲೂ ಶಕ್ತಿ ಮರಳುವುದಿಲ್ಲ. ಆದ್ದರಿಂದಲೇ ನಮ್ಮ ಉಪಕೇಂದ್ರಗಳಿಗೆ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ನಾಲ್ಕು ಐಸ್‌ಪ್ಯಾಕ್ ಇಡುವ ಮೊದಲು ಅವನ್ನು ಹೊರಗೆ ಇಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುತ್ತಾರೆ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೆಯೇ ತುಂಬಿದರೆ ಕುಪ್ಪಿ ಹೆಪ್ಪುಗಟ್ಟುತ್ತದೆ.

ಕುಪ್ಪಿ ತೆರೆದ ಮೇಲೆ ಭಾರತದಲ್ಲಿ ಕೊಟ್ಟ ಅವಧಿ 4 ಗಂಟೆ. ಅಷ್ಟರೊಳಗೆ ಹತ್ತು ಜನ ಸೇರದಿದ್ದರೆ ಉಳಿದದ್ದು ಚೆಲ್ಲಬೇಕು. ಕೇರಳ ಈ ವಿಷಯದಲ್ಲಿ ಮಾಡಿದ ಕೆಲಸ ಎಲ್ಲರ ಗಮನ ಸೆಳೆಯಿತು. 2021ರ ಮೇ ಆರಂಭದ ಹೊತ್ತಿಗೆ ರಾಜ್ಯಕ್ಕೆ ಬಂದದ್ದು 73,38,806 ಡೋಸ್, ಕೊಟ್ಟದ್ದು 74,26,164. ಹೆಚ್ಚುವರಿ 87,358 ಡೋಸ್ ಎಲ್ಲಿಂದ ಬಂತು? ಪೋಲಾಗುವುದಕ್ಕೆಂದು ಕುಪ್ಪಿಯಲ್ಲಿ ತುಸು ಹೆಚ್ಚು ತುಂಬಿರುತ್ತಾರೆ. ಸೂಜಿಯ ಬುಡದಲ್ಲಿ ಹನಿಯೂ ಉಳಿಯದಂತೆ ಎಳೆಯಬಲ್ಲ ದಾದಿಯರ ಕೈಯಲ್ಲಿ ಅದು ಹನ್ನೊಂದನೇ ಡೋಸ್ ಆಯಿತು. ಕೋಳಿಕ್ಕೋಡಿನ ಪ್ರಾದೇಶಿಕ ಲಸಿಕಾ ಸಂಗ್ರಹಾಗಾರದಿಂದ ಕಾಸರಗೋಡಿಗೆ ಬಂದ ಪೆಟ್ಟಿಗೆಗಳೂ ಈ ಲೆಕ್ಕದಲ್ಲಿವೆ. ರಾಜತಾಂತ್ರಿಕರ ಭಾಷಣದಲ್ಲಿ ದಾದಿಯ ಕೈಗೆ ಜಾಗವಿರುವುದಿಲ್ಲ. ಆದರೆ ಒಂದು ಲಕ್ಷ ಡೋಸ್‌ನ ಉಡುಗೊರೆ ನಿಜವಾಗಿ ಎಷ್ಟು ಜನರಿಗೆ ತಲುಪಿತು ಎಂಬುದು ಆ ಕೈಯ ಮೇಲೇ ನಿಂತಿದೆ.

ಇನ್ನೊಂದು ಕುತ್ತು ಅವಧಿಯದು. ಮಲಾವಿ ದೇಶಕ್ಕೆ ಆಫ್ರಿಕನ್ ಒಕ್ಕೂಟದ ಮೂಲಕ 2021ರ ಮಾರ್ಚ್ 26ರಂದು ಬಂದ 1,02,000 ಡೋಸ್‌ಗಳ ಅವಧಿ ಏಪ್ರಿಲ್ 13ಕ್ಕೆ ಮುಗಿಯುತ್ತಿತ್ತು. ಹದಿನೆಂಟು ದಿನಗಳಲ್ಲಿ ಹಳ್ಳಿಹಳ್ಳಿಗೆ ಒಯ್ದು ಚುಚ್ಚಿ ಮುಗಿಸಬೇಕು. ಬಹುಪಾಲು ಬಳಸಿದರೂ ಉಳಿದದ್ದನ್ನು ಮೇ ತಿಂಗಳಲ್ಲಿ ಸಾರ್ವಜನಿಕವಾಗಿ ಸುಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ನೈಜೀರಿಯಾ 10 ಲಕ್ಷಕ್ಕೂ ಹೆಚ್ಚು ಡೋಸ್‌ಗಳನ್ನು ನಾಶಪಡಿಸಿತು. ಅವು ಶ್ರೀಮಂತ ದೇಶಗಳು ತಮ್ಮಲ್ಲಿ ಮಿಕ್ಕಿದ್ದನ್ನು, ಕೆಲವೇ ವಾರಗಳ ಆಯುಷ್ಯ ಉಳಿದಾಗ ದಾನ ಮಾಡಿದವು. ಕೊಟ್ಟ ದೇಶದ ಪಟ್ಟಿಯಲ್ಲಿ ಅವೆಲ್ಲ ದಾನವೆಂದೇ ಉಳಿದಿವೆ. ಅವಧಿ ಮೀರುವ ಹೊಸ್ತಿಲಲ್ಲಿರುವುದನ್ನು ದಾಟಿಸಿ ಹೆಸರು ಪಡೆಯುವುದು ಅನ್ಯಾಯ. ಅದಕ್ಕಿಂತ ಕೆಟ್ಟದ್ದೆಂದರೆ, ಸರಕಾರ ಲಸಿಕೆ ಸುಡುವುದನ್ನು ಕಣ್ಣಾರೆ ಕಂಡ ಜನ ಮುಂದಿನ ಲಸಿಕೆಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಏಪ್ರಿಲ್‌ನಲ್ಲಿ ನಿಂತ ವಿಮಾನ

2021ರ ಮಾರ್ಚ್ ಕೊನೆಯಲ್ಲಿ ಭಾರತದಲ್ಲಿ ಎರಡನೇ ಅಲೆ ಏರತೊಡಗಿತು. ಮೇ ಆರಂಭದಲ್ಲಿ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳು. ರಫ್ತು ನಿಂತಿತು. ಅಂದಿನ ಸ್ಥಿತಿಯಲ್ಲಿ ಯಾವ ಸರಕಾರವೂ ಬೇರೆ ತೀರ್ಮಾನ ಮಾಡಲಾಗುತ್ತಿರಲಿಲ್ಲ. ಪ್ರಶ್ನೆ ಇರುವುದು ಅದಕ್ಕೂ ಹಿಂದೆ. ದೇಶದ ಒಳಗೆ ಎಷ್ಟು ಬೇಕು, ತಿಂಗಳಿಗೆ ಎಷ್ಟು ತಯಾರಾಗುತ್ತದೆ, ಹೊರಗಿನವರಿಗೆ ಕೊಟ್ಟ ಮಾತೆಷ್ಟು ಎಂಬ ಮೂರು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಿದ್ದರೆ ಜನವರಿಯಲ್ಲೇ ಕೊರತೆ ಕಾಣುತ್ತಿತ್ತು. ಸೀರಮ್ ಇನ್‌ಸ್ಟಿಟ್ಯೂಟ್‌ನ ಉತ್ಪಾದನೆ ಆಗ ತಿಂಗಳಿಗೆ ಸುಮಾರು 6ರಿಂದ 7 ಕೋಟಿ ಡೋಸ್. ಕೋವ್ಯಾಕ್ಸಿನ್ ಅದರ ಹತ್ತಿರಕ್ಕೂ ಇರಲಿಲ್ಲ. ನೂರು ಕೋಟಿಗೂ ಮಿಕ್ಕಿದ ಜನರ ದೇಶ, ಜೊತೆಗೆ ಕೋವ್ಯಾಕ್ಸ್, ಜೊತೆಗೆ ಹತ್ತಾರು ಖಾಸಗಿ ಒಪ್ಪಂದ, ಎಲ್ಲವೂ ಬಹುಮಟ್ಟಿಗೆ ಪುಣೆಯ ಒಂದೇ ಸಂಸ್ಥೆಯ ಮೇಲೆ ನಿಂತಿತ್ತು. ಅಮೆರಿಕ ತನ್ನ ಯುದ್ಧಕಾಲದ ಉತ್ಪಾದನಾ ಕಾನೂನು ಬಳಸಿ ಫಿಲ್ಟರ್, ಬಯೋರಿಯಾಕ್ಟರ್ ಚೀಲಗಳಂಥ ಸಾಮಗ್ರಿಗಳಲ್ಲಿ ತನ್ನ ಕಂಪೆನಿಗಳಿಗೆ ಮೊದಲ ಹಕ್ಕು ಕೊಟ್ಟದ್ದರಿಂದ ಕಚ್ಚಾವಸ್ತುವೂ ಬಿಗಿಯಾಯಿತು. ಇದನ್ನು ಸಡಿಲಿಸಿ ಎಂದು ಸೀರಮ್‌ನ ಮುಖ್ಯಸ್ಥ ಅದಾರ್ ಪೂನಾವಾಲಾ ಏಪ್ರಿಲ್ 16ರಂದು ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿಯೇ ಮನವಿ ಮಾಡಿದರು.

ಪೆಟ್ಟು ಬಿದ್ದದ್ದು ಭಾರತವನ್ನು ಹೆಚ್ಚು ನಂಬಿದ ನೆರೆಯವರಿಗೆ. ಬಾಂಗ್ಲಾದೇಶ ತಿಂಗಳಿಗೆ 50 ಲಕ್ಷದಂತೆ ಆರು ತಿಂಗಳಲ್ಲಿ 3 ಕೋಟಿ ಡೋಸ್‌ಗೆ ಒಪ್ಪಂದ ಮಾಡಿಕೊಂಡಿತ್ತು. ಬಂದದ್ದು 70 ಲಕ್ಷ, ಅದರ ಜೊತೆಗೆ ಉಡುಗೊರೆಯ 33 ಲಕ್ಷ. ಏಪ್ರಿಲ್ ಕೊನೆಗೆ ಅಲ್ಲಿ ಹೊಸಬರಿಗೆ ಮೊದಲ ಡೋಸ್ ಕೊಡುವುದನ್ನೇ ನಿಲ್ಲಿಸಿದರು. ಮೇ 12ರಂದು ಚೀನಾದ ಸಿನೋಫಾರ್ಮ್‌ನ 5 ಲಕ್ಷ ಡೋಸ್ ಉಡುಗೊರೆ ಢಾಕಾದಲ್ಲಿ ಇಳಿಯಿತು, ಆಮೇಲೆ ಕೋಟಿಗಳಲ್ಲಿ ಖರೀದಿ ನಡೆಯಿತು. ನೇಪಾಳ ಹಣ ಕೊಟ್ಟು ಕೊಂಡ 20 ಲಕ್ಷದಲ್ಲಿ ಅರ್ಧ ಮಾತ್ರ ಬಂತು. ಮೊದಲ ಡೋಸ್ ಪಡೆದ ಹದಿಮೂರು ಲಕ್ಷದಷ್ಟು ಹಿರಿಯರು ಎರಡನೆಯದಕ್ಕೆ ಕಾದರು. ಜಪಾನಿನ 16 ಲಕ್ಷ ಡೋಸ್ ಆಗಸ್ಟ್‌ನಲ್ಲಿ ಬಂದ ಮೇಲೆ ಅವರ ಸರದಿ ಬಂತು. ಶ್ರೀಲಂಕಾದಲ್ಲೂ ಇದೇ ಕಥೆ, ಅಲ್ಲೂ ಜಪಾನೇ ನೆರವಾಯಿತು.

ಭೂತಾನ್‌ನ ನಡೆ ಬೇರೆಯಾಗಿತ್ತು. ಅದನ್ನು ಸಣ್ಣ ದೇಶದ ಜಾಣ ರಾಜತಾಂತ್ರಿಕತೆಯ ಅತ್ಯುತ್ತಮ ಉದಾಹರಣೆ ಎನ್ನಬೇಕು. ಜನವರಿಯಲ್ಲಿ ಬಂದ 1.5 ಲಕ್ಷ ಡೋಸ್ ಅನ್ನು ಅದು ತಕ್ಷಣ ಬಳಸಲಿಲ್ಲ. ಮಾರ್ಚ್‌ನಲ್ಲಿ ಭಾರತದಿಂದ ಇನ್ನೂ 4 ಲಕ್ಷ ಬಂದು, ಎಲ್ಲ ವಯಸ್ಕರಿಗೂ ಒಂದೊಂದು ಡೋಸ್ ಸಾಕಾಗುವಷ್ಟಾದ ಮೇಲೆ, ಮಾರ್ಚ್ 27ರಂದು ಶುರುಮಾಡಿ ಸುಮಾರು ಎರಡು ವಾರಗಳಲ್ಲಿ ಅರ್ಹರಲ್ಲಿ 93 ಶೇಕಡಾ ಜನರಿಗೆ ಕೊಟ್ಟು ಮುಗಿಸಿತು. ರಫ್ತು ನಿಂತಾಗ ದೂಷಿಸುತ್ತಾ ಕೂರದೆ ಹತ್ತಾರು ದೇಶಗಳಿಗೆ ಪತ್ರ ಬರೆಯಿತು. ಜುಲೈನಲ್ಲಿ ಅಮೆರಿಕದಿಂದ ಮಾಡರ್ನಾದ 5 ಲಕ್ಷ, ಡೆನ್ಮಾರ್ಕ್‌ನಿಂದ ಆಸ್ಟ್ರಾಜೆನೆಕಾದ 2.5 ಲಕ್ಷ ಡೋಸ್ ಬಂದವು. ಎರಡನೇ ಡೋಸ್‌ಗೆ ಬೇರೆ ಲಸಿಕೆಯನ್ನು ಮಿಶ್ರ ಮಾಡಿ ಕೊಡುವ ಧೈರ್ಯವನ್ನೂ ತೋರಿತು.

ಕೋವ್ಯಾಕ್ಸ್‌ನ ಪೆಟ್ಟು ಇನ್ನೂ ದೊಡ್ಡದು. ಮೇ ಅಂತ್ಯಕ್ಕೆ 14 ಕೋಟಿ ಡೋಸ್ ಕೊರತೆಯಾಗುತ್ತದೆ ಎಂದು ಯುನಿಸೆಫ್ ಎಚ್ಚರಿಸಿತು. ಸೀರಮ್ ಸಂಸ್ಥೆಯೇ ಅದರ ಮುಖ್ಯ ಪೂರೈಕೆದಾರ. ರಫ್ತು ಮತ್ತೆ ಶುರುವಾದದ್ದು ಅಕ್ಟೋಬರ್‌ನಲ್ಲಿ, ಕೋವ್ಯಾಕ್ಸ್‌ಗೆ ನವೆಂಬರ್ ಕೊನೆಯಲ್ಲಿ. ಆ ಏಳೆಂಟು ತಿಂಗಳಲ್ಲಿ ಆಫ್ರಿಕಾದ ದೇಶಗಳು ಒಂದು ಪಾಠ ಕಲಿತವು: ಲಸಿಕೆಯನ್ನು ನಾವೇ ತಯಾರಿಸಬೇಕು. ಕೇಪ್‌ಟೌನ್‌ನ ಎಂಆರ್‌ಎನ್‌ಎ ತಂತ್ರಜ್ಞಾನ ಕೇಂದ್ರಕ್ಕೆ, ಬಡ ದೇಶಗಳಿಗೆ ಲಸಿಕೆ ಕೊಳ್ಳುವ ಗಾವಿ ಸಂಸ್ಥೆ 2024ರಲ್ಲಿ ಆಫ್ರಿಕಾದ ಲಸಿಕೆ ಉತ್ಪಾದನೆಗೆಂದು ಘೋಷಿಸಿದ ನೂರು ಕೋಟಿ ಡಾಲರಿಗೂ ಮಿಕ್ಕಿದ ಯೋಜನೆಗೆ ಆ ಪಾಠವೇ ಬೇರು. ಭಾರತದ ಕಂಪೆನಿಗಳಿಗೆ ಇದು ನಾಳಿನ ಸ್ಪರ್ಧೆ.

ರಫ್ತು ತಡೆದದ್ದು ಭಾರತ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. 2021ರ ಮಾರ್ಚ್ 4ರಂದು ಇಟಲಿ ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದ 2.5 ಲಕ್ಷ ಡೋಸ್ ತಡೆಯಿತು. ಅದೇ ವರ್ಷದ ಜನವರಿ 29ರಂದು ಯುರೋಪಿಯನ್ ಒಕ್ಕೂಟ ಉತ್ತರ ಐರ್ಲೆಂಡ್ ಗಡಿಯಲ್ಲೇ ಲಸಿಕೆಯ ತಪಾಸಣೆಗೆ ಹೊರಟು, ವಿರೋಧಕ್ಕೆ ಬೆದರಿ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಿತು. ದಕ್ಷಿಣ ಆಫ್ರಿಕಾದಲ್ಲಿ ಕುಪ್ಪಿಗೆ ತುಂಬಿದ ಜಾನ್ಸನ್ ಲಸಿಕೆ ಆಫ್ರಿಕಾದ ಜನ ಕಾಯುತ್ತಿರುವಾಗ ಯುರೋಪಿಗೆ ಹೋಯಿತು. ರಷ್ಯಾದ ಸ್ಪುಟ್ನಿಕ್‌ಗೆ ಬಂದ ಕಷ್ಟ ತಾಂತ್ರಿಕವಾದದ್ದು: ಅದರ ಎರಡು ಡೋಸ್‌ಗಳು ಎರಡು ಬೇರೆ ವೈರಸ್ ವಾಹಕಗಳಿಂದ ಆದವು, ಎರಡನೆಯದರ ಉತ್ಪಾದನೆ ಕುಂಟಿತು, ಒಪ್ಪಂದ ಮಾಡಿಕೊಂಡ ದೇಶಗಳಲ್ಲಿ ಮೊದಲ ಡೋಸ್ ಪಡೆದವರು ತಿಂಗಳುಗಟ್ಟಲೆ ಕಾದರು.

ಕ್ವಾಡ್ ಒಕ್ಕೂಟದ ಮಾತು ಹೀಗೆಯೇ. 2021ರ ಮಾರ್ಚ್ 12ರಂದು ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿ 2022ರ ಕೊನೆಗೆ ನೂರು ಕೋಟಿ ಡೋಸ್ ಕೊಡುವುದಾಗಿ ಹೇಳಿದವು. ಹಣ ಅಮೆರಿಕ ಮತ್ತು ಜಪಾನಿನದು, ತಯಾರಿ ಹೈದರಾಬಾದಿನ ಬಯಲಾಜಿಕಲ್ ಇ ಸಂಸ್ಥೆಯದು, ಕೊನೆಯ ಹಂತದ ಸಾಗಣೆ ಆಸ್ಟ್ರೇಲಿಯಾದ್ದು. ಕಾಗದದ ಮೇಲೆ ಚೊಕ್ಕ ಯೋಜನೆ. ಕಾಂಬೋಡಿಯಾಕ್ಕೆ ಈ ಯೋಜನೆಯಡಿ ಸೀರಮ್‌ನ ಇನ್ನೊಂದು ಲಸಿಕೆಯಾದ ಕೋವೊವ್ಯಾಕ್ಸ್‌ನ 3.25 ಲಕ್ಷ ಡೋಸ್ ತಲುಪಿದ್ದು 2022ರ ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಜಗತ್ತಿನಲ್ಲಿ ಲಸಿಕೆಯ ಬರ ಹೆಚ್ಚುಕಡಿಮೆ ತೀರಿತ್ತು.

ಕೆಸರೆರಚಾಟದ ನಷ್ಟ

ಲಸಿಕೆಯನ್ನು ಬೇಹುಗಾರಿಕೆಗೆ, ಎದುರಾಳಿಯ ನಿಂದನೆಗೆ ಬಳಸಿದ ಉದಾಹರಣೆಗಳೂ ಇವೆ. ಒಸಾಮಾ ಬಿನ್ ಲಾದೆನ್‌ನ ಸುಳಿವಿಗಾಗಿ ಅಮೆರಿಕದ ಸಿಐಎ 2011ರಲ್ಲಿ ಅಬ್ಬೊಟ್ಟಾಬಾದಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಕಲಿ ಅಭಿಯಾನ ನಡೆಸಿತು. ಅದು ಬಯಲಾದ ಮೇಲೆ ಪಾಕಿಸ್ತಾನದಲ್ಲಿ ಪೋಲಿಯೊ ಹನಿ ಹಾಕುವ ಕಾರ್ಯಕರ್ತೆಯರ ಮೇಲೆ ಗುಂಡು ಹಾರಿತು. ಇನ್ನು ಮುಂದೆ ಲಸಿಕೆ ಕಾರ್ಯಕ್ರಮವನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಶ್ವೇತಭವನ 2014ರಲ್ಲಿ ಮಾತು ಕೊಡಬೇಕಾಯಿತು. ಕೋವಿಡ್ ಕಾಲದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಚೀನಾದ ಸಿನೋವ್ಯಾಕ್ ವಿರುದ್ಧ ಅಮೆರಿಕದ ಸೇನೆ ನಕಲಿ ಖಾತೆಗಳ ಮೂಲಕ ಅಪಪ್ರಚಾರ ನಡೆಸಿದ್ದನ್ನು ರಾಯಿಟರ್ಸ್ 2024ರಲ್ಲಿ ಬಯಲಿಗೆಳೆಯಿತು. ಮನೆಮನೆಗೆ ಹೋಗುವ ನಮ್ಮ ಆಶಾ ಕಾರ್ಯಕರ್ತೆಯರಿಗೆ ಇದು ದೂರದ ಸುದ್ದಿಯಲ್ಲ. ಎಲ್ಲೋ ಹುಟ್ಟಿದ ಅನುಮಾನ ವಾಟ್ಸಪ್‌ನಲ್ಲಿ ಇಲ್ಲಿಗೂ ಬರುತ್ತದೆ, ದಡಾರ ಲಸಿಕೆಗೂ ಅಂಟಿಕೊಳ್ಳುತ್ತದೆ.

ಹೆಸರಿನ ಮೇಲೆ ನಿಂತ ಉದ್ಯೋಗ

ಈಗ ಕಾಸರಗೋಡಿನ ಪ್ರಶ್ನೆಗೆ ಬರೋಣ. ಈ ಜಿಲ್ಲೆಗೆ ಕೊರೊನಾ ಬಂದದ್ದೇ ಹೊರದೇಶದ ನಂಟಿನಿಂದ. ದೇಶದ ಮೂರನೇ ಪ್ರಕರಣ 2020ರ ಫೆಬ್ರವರಿ 3ರಂದು ವುಹಾನ್‌ನಿಂದ ಮರಳಿದ ಇಲ್ಲಿನ ವಿದ್ಯಾರ್ಥಿಯೊಬ್ಬರಲ್ಲಿ ದೃಢಪಟ್ಟಿತು. ಒಂದು ವರ್ಷದ ಬಳಿಕ ಅದೇ ನಂಟಿನ ಇನ್ನೊಂದು ಮುಖ ಕಂಡಿತು. 2021ರ ಫೆಬ್ರವರಿಯಲ್ಲಿ ಸೌದಿ ಅರೇಬಿಯಾ ಭಾರತವೂ ಸೇರಿದಂತೆ 20 ದೇಶಗಳಿಂದ ಪ್ರವೇಶ ನಿಷೇಧಿಸಿತು. ಏಪ್ರಿಲ್ ಕೊನೆಯಲ್ಲಿ ಯುಎಇ ವಿಮಾನ ನಿಲ್ಲಿಸಿತು. ಸೌದಿಗೆ ಹೋಗಲೇಬೇಕಾದವರು ನಿಷೇಧವಿಲ್ಲದ ಮೂರನೇ ದೇಶದಲ್ಲಿ 14 ದಿನ ಕಳೆದು ಹೋಗಬೇಕು. ಹೋಟೆಲ್ ಖರ್ಚು, ಪರೀಕ್ಷೆಯ ಖರ್ಚು, ಎರಡೆರಡು ಟಿಕೆಟ್. ಆ ಮೂರನೇ ದೇಶವೂ ಬಾಗಿಲು ಹಾಕಿದರೆ ಕೊಟ್ಟ ಹಣ ಹೋಯಿತು, ನೇಪಾಳದಲ್ಲಿ ಆದಂತೆ.

ಕೋವಿಶೀಲ್ಡ್ ಪಡೆದವರ ಮುಂದಿದ್ದ ತೊಡಕು ಅಂತರದ್ದು. ಎರಡು ಡೋಸ್‌ಗಳ ನಡುವಿನ ಅಂತರವನ್ನು ಮೇ 13ರಂದು 12ರಿಂದ 16 ವಾರಗಳಿಗೆ ಏರಿಸಿದ್ದರು. ಅಷ್ಟರಲ್ಲಿ ವೀಸಾ ಮುಗಿಯುತ್ತದೆ. ಜೂನ್ 7ರಂದು ಕೇಂದ್ರ ಸರಕಾರ ವಿದೇಶದಲ್ಲಿ ಓದುವವರು, ಉದ್ಯೋಗಕ್ಕೆ ಹೋಗುವವರು ಮತ್ತು ಒಲಿಂಪಿಕ್ಸ್ ತಂಡಕ್ಕೆ 28 ದಿನಗಳ ಬಳಿಕವೇ ಎರಡನೇ ಡೋಸ್ ಪಡೆಯುವ ವಿನಾಯಿತಿ ಕೊಟ್ಟಿತು. ಪಾಸ್‌ಪೋರ್ಟ್, ಉದ್ಯೋಗದ ಪತ್ರ ಅಥವಾ ವೀಸಾ ತೋರಿಸಬೇಕು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರಬೇಕು. ಮೊದಲ ಡೋಸ್‌ಗೆ ಆಧಾರ್ ಕೊಟ್ಟವರು ಲಸಿಕೆ ನೋಂದಣಿಯ ಕೋವಿನ್ ಜಾಲತಾಣದಲ್ಲಿ ಅದನ್ನು ಪಾಸ್‌ಪೋರ್ಟ್‌ಗೆ ಜೋಡಿಸಲು ಕೇರಳದ ಆನ್‌ಲೈನ್ ಸೇವಾ ಕೇಂದ್ರಗಳಾದ ಅಕ್ಷಯ ಕೇಂದ್ರಗಳ ಮುಂದೆ ಸಾಲು ನಿಂತರು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ, ಇನಿಶಿಯಲ್ ಹಿಂದುಮುಂದಾದರೂ, ಅರ್ಜಿ ತಿರಸ್ಕೃತವಾಗುತ್ತಿತ್ತು. ಗಲ್ಫ್ ಪಟ್ಟಿಯಲ್ಲಿ ಆಸ್ಟ್ರಾಜೆನೆಕಾ ಎಂದಿದೆ, ನಮ್ಮ ಪತ್ರದಲ್ಲಿ ಕೋವಿಶೀಲ್ಡ್ ಎಂದಿದೆ, ಎರಡೂ ಒಂದೇ ಎಂದು ಅಲ್ಲಿನ ಅಧಿಕಾರಿಗೆ ತಿಳಿಯುವುದು ಹೇಗೆ ಎಂಬ ಆತಂಕವೂ ಇತ್ತು. ಪ್ರಮಾಣಪತ್ರದಲ್ಲಿ ಎರಡು ಹೆಸರೂ ಇರಲಿ ಎಂದು ಕೇರಳ ಒತ್ತಾಯಿಸಿದ್ದು ಇದಕ್ಕೇ.

ಕೋವ್ಯಾಕ್ಸಿನ್ ಪಡೆದವರ ಸ್ಥಿತಿ ಇನ್ನೂ ಕಠಿಣ. ಲಸಿಕೆ ಕೇಂದ್ರದಲ್ಲಿ ಅವರಿಗೆ ಆಯ್ಕೆ ಇದ್ದದ್ದು ಅಪರೂಪ. ಅಂದು ಸ್ಟಾಕ್ ಏನಿತ್ತೋ ಅದು. ಭಾರತ್ ಬಯೋಟೆಕ್ ವಿಶ್ವ ಆರೋಗ್ಯ ಸಂಸ್ಥೆಗೆ ಆಸಕ್ತಿ ಪತ್ರ ಸಲ್ಲಿಸಿದ್ದು 2021ರ ಏಪ್ರಿಲ್ 19ರಂದು, ದತ್ತಾಂಶ ಕೊಡತೊಡಗಿದ್ದು ಜುಲೈನಲ್ಲಿ, ಪಟ್ಟಿಗೆ ಸೇರಿದ್ದು ನವೆಂಬರ್ 3ರಂದು. ಸೆಪ್ಟೆಂಬರ್ 12ರಿಂದ ಯುಎಇ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ ಪಡೆದ ನಿವಾಸಿಗಳಿಗೆ ಬಾಗಿಲು ತೆರೆದಾಗ ಕೋವಿಶೀಲ್ಡ್‌ನವರು ಹೋದರು, ಕೋವ್ಯಾಕ್ಸಿನ್‌ನವರು ಉಳಿದರು. ಎರಡು ಡೋಸ್ ಕೋವ್ಯಾಕ್ಸಿನ್ ಪಡೆದ, ಸೌದಿಯಲ್ಲಿ ಕೆಲಸವಿದ್ದವರೊಬ್ಬರು ತಮಗೆ ಮೂರನೆಯದಾಗಿ ಕೋವಿಶೀಲ್ಡ್ ಕೊಡಿ ಎಂದು ಕೇರಳ ಹೈಕೋರ್ಟಿಗೆ ಹೋದರು. ವೈದ್ಯಕೀಯ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದಿತು ಕೇಂದ್ರ. ಲಸಿಕೆಯ ಹೆಸರಿನ ಮೇಲೆ ಎರಡು ವರ್ಗದ ನಾಗರಿಕರು ಉಂಟಾಗಿದ್ದಾರೆ ಎಂಬರ್ಥದ ಮಾತು ನ್ಯಾಯಪೀಠದಿಂದ ಬಂತು. ಸರಕಾರವೇ ಕೊಟ್ಟ ಲಸಿಕೆಯಿಂದ ಉದ್ಯೋಗ ಕಳೆದುಕೊಳ್ಳುವ ಸ್ಥಿತಿ ಬಂದದ್ದು ವಿಜ್ಞಾನದ ಸೋಲಲ್ಲ, ಕೋವ್ಯಾಕ್ಸಿನ್ ಕೆಲಸ ಮಾಡುತ್ತಿತ್ತು. ಮಾನ್ಯತೆಯ ಮಾತುಕತೆ ಲಸಿಕೆಗಿಂತ ಹತ್ತು ತಿಂಗಳು ಹಿಂದೆ ಬಿದ್ದದ್ದು ಆಡಳಿತದ ಸೋಲು.

ಗುಣಮಟ್ಟದ ತಪಾಸಣೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. 2 ಕೋಟಿ ಡೋಸ್ ಕೋವ್ಯಾಕ್ಸಿನ್‌ಗೆ, ಡೋಸಿಗೆ 15 ಡಾಲರಿನಂತೆ, ಅಲ್ಲಿ ಒಪ್ಪಂದವಾಗಿತ್ತು. ಮಾರ್ಚ್ ಕೊನೆಯಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಉತ್ಪಾದನಾ ಗುಣಮಟ್ಟದ ಪ್ರಮಾಣಪತ್ರ ನಿರಾಕರಿಸಿತು. ಬೆಲೆ ಮತ್ತು ಮಧ್ಯವರ್ತಿಯ ಬಗ್ಗೆ ಸೆನೆಟ್ ವಿಚಾರಣೆ ಎದ್ದಿತು, ಜೂನ್ ಕೊನೆಗೆ ಒಪ್ಪಂದವನ್ನೇ ತಡೆಹಿಡಿದರು.

ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಜೊತೆ ನಡೆದ ಹಗ್ಗಜಗ್ಗಾಟದಲ್ಲಿ ಭಾರತ ಬೇರೆ ದಾರಿ ಹಿಡಿಯಿತು. ಆಕ್ಸ್‌ಫರ್ಡ್‌ನದೇ ಸೂತ್ರದ ಕೋವಿಶೀಲ್ಡ್ ಪಡೆದವರನ್ನೂ ಲಸಿಕೆ ಪಡೆಯದವರಂತೆ ಕ್ವಾರಂಟೈನ್‌ಗೆ ಹಾಕುವುದಾಗಿ ಬ್ರಿಟನ್ ಹೇಳಿತು. ಭಾರತ ಅಕ್ಟೋಬರ್ 4ರಿಂದ ಬ್ರಿಟಿಷ್ ಪ್ರಯಾಣಿಕರಿಗೂ 10 ದಿನದ ಕ್ವಾರಂಟೈನ್ ವಿಧಿಸಿತು. ಅಕ್ಟೋಬರ್ 11ಕ್ಕೆ ಬ್ರಿಟನ್ ಸಡಿಲಿಸಿತು. ನವೆಂಬರ್ ಹೊತ್ತಿಗೆ 96 ದೇಶಗಳೊಂದಿಗೆ ಪರಸ್ಪರ ಮಾನ್ಯತೆ ಆಗಿದೆ ಎಂದು ಕೇಂದ್ರ ಹೇಳಿತು. ಬ್ರಿಟನ್‌ಗೆ ತೋರಿದ ಬಿಗಿಯನ್ನು ಗಲ್ಫ್‌ಗೆ ತೋರುವಂತಿರಲಿಲ್ಲ, ನಿಜ. ಲಕ್ಷಾಂತರ ಜನರ ಅನ್ನ ಅಲ್ಲಿದೆ, ತೈಲವೂ ಅಲ್ಲಿಂದಲೇ ಬರುತ್ತದೆ. ಹಾಗಿದ್ದರೆ ಬಿಗಿಯ ಬದಲು ಮುಂಚಿತವಾದ ಮಾತುಕತೆ ಬೇಕಿತ್ತು.

ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಇದರ ಸಣ್ಣ ರೂಪವನ್ನು ಎಲ್ಲರೂ ಕಂಡಿದ್ದಾರೆ. 2021ರ ಜುಲೈ ಕೊನೆಯಲ್ಲಿ ಕರ್ನಾಟಕ ಸರಕಾರ, ಎರಡು ಡೋಸ್ ಆಗಿದ್ದರೂ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಲೇಬೇಕು ಎಂದಿತು. ಒಂದೇ ಕೇಂದ್ರ ಸರಕಾರ, ಒಂದೇ ಕೋವಿನ್, ಒಂದೇ ಕುಪ್ಪಿ. ಆದರೂ ಮಂಜೇಶ್ವರದ ವಿದ್ಯಾರ್ಥಿಯ ಪ್ರಮಾಣಪತ್ರ ಹದಿನೈದಿಪ್ಪತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಸಾಲಲಿಲ್ಲ. ಪರೀಕ್ಷೆ, ಚಿಕಿತ್ಸೆ, ಕಾಲೇಜು, ವಿಮಾನ ಎಲ್ಲಕ್ಕೂ ಮಂಗಳೂರನ್ನೇ ನೆಚ್ಚಿದ ಕನ್ನಡಿಗರಿಗೆ ಮಾನ್ಯತೆ ಎಂಬುದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈಗಿನ ಹೊತ್ತು

ಇಂದು ಈ ವಿಷಯ ಮತ್ತೆ ಮುಖ್ಯವಾಗಿರುವುದಕ್ಕೆ ಕಾರಣ ಹಣ ಹಿಂದೆ ಸರಿಯುತ್ತಿರುವುದು. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶ ಹೊರಡಿಸಿತು. ಜೂನ್‌ನಲ್ಲಿ, ಬಡ ದೇಶಗಳ ಮಕ್ಕಳಿಗೆ ಲಸಿಕೆ ಕೊಳ್ಳುವ ಗಾವಿ ಸಂಸ್ಥೆಗೆ ಹಣ ನಿಲ್ಲಿಸುವುದಾಗಿ ಹೇಳಿತು. ಬ್ರಸೆಲ್ಸ್ ಸಭೆಯಲ್ಲಿ ಗಾವಿ ಕೇಳಿದ್ದು 1,190 ಕೋಟಿ ಡಾಲರ್, ಸಿಕ್ಕ ಭರವಸೆ 900 ಕೋಟಿಗೆ ತುಸು ಹೆಚ್ಚು. ಗಾವಿ ಕೊಳ್ಳುವ ಲಸಿಕೆಯಲ್ಲಿ ದೊಡ್ಡ ಪಾಲು ಭಾರತದ್ದಾದ್ದರಿಂದ ಈ ಕೊರತೆ ಪುಣೆ, ಹೈದರಾಬಾದ್‌ಗಳ ಆರ್ಡರ್ ಪುಸ್ತಕದಲ್ಲೂ ಕಾಣುತ್ತದೆ. ಅದೇ ಹೊತ್ತಿಗೆ ಅವಕಾಶವೂ ಇದೆ. ಸೀರಮ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಮಾನ್ಯತೆ 2023ರ ಡಿಸೆಂಬರ್‌ನಲ್ಲೇ ಸಿಕ್ಕಿತು, 2024ರ ಜುಲೈನಲ್ಲಿ ಐವರಿ ಕೋಸ್ಟ್‌ನಲ್ಲಿ ಮಕ್ಕಳಿಗೆ ಕೊಡತೊಡಗಿದರು. ಇಲ್ಲಿ ಕ್ರಮ ಸರಿಯಾಗಿದೆ: ಮೊದಲು ಮಾನ್ಯತೆ, ಆಮೇಲೆ ರವಾನೆ. ಇಂಡೋ-ಪೆಸಿಫಿಕ್ ದೇಶಗಳಿಗೆ 4 ಕೋಟಿ ಡೋಸ್ ಲಸಿಕೆ ಕೊಡುವುದಾಗಿ ಭಾರತ 2024ರ ಸೆಪ್ಟೆಂಬರ್‌ನಲ್ಲಿ ಗರ್ಭಕಂಠದ ಕ್ಯಾನ್ಸರ್ ವಿರುದ್ಧದ ಕ್ವಾಡ್ ಕಾರ್ಯಕ್ರಮದಲ್ಲಿ ಮಾತು ಕೊಟ್ಟಿದೆ. ಇಂಥ ಘೋಷಣೆ ಓದುವಾಗ ಕೇಳಬೇಕಾದದ್ದು: ಎಷ್ಟು ದಾನ, ಎಷ್ಟು ಮಾರಾಟ, ತಿಂಗಳಿಗೆ ಎಷ್ಟು, ತಲುಪುವಾಗ ಎಷ್ಟು ವಾರದ ಅವಧಿ ಉಳಿದಿರುತ್ತದೆ, ಮುಂದಿನ ಡೋಸ್‌ಗೆ ಹೆಸರಿಟ್ಟು ಎತ್ತಿಟ್ಟ ದಾಸ್ತಾನು ಇದೆಯೇ.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದ ಇವುಗಳಲ್ಲಿ ಕೆಲವಕ್ಕೆ ಉತ್ತರ ಕೊಡಲು ನೋಡುತ್ತದೆ. ರೋಗಾಣುವಿನ ಮಾಹಿತಿ ಪಡೆದು ಲಸಿಕೆ ಮಾಡುವ ಕಂಪೆನಿಗಳು ಮಹಾಮಾರಿಯ ಕಾಲದಲ್ಲಿ ತಯಾರಾದಷ್ಟರಲ್ಲಿ 20 ಶೇಕಡಾವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಕನಿಷ್ಠ ಅರ್ಧ ದಾನವಾಗಿ ಎಂಬುದು ಅದರ ತಿರುಳು. ವಿವರಗಳನ್ನು ಪ್ರತ್ಯೇಕ ಅನುಬಂಧಕ್ಕೆ ಬಿಟ್ಟಿದ್ದಾರೆ. ಲಸಿಕೆ ತಯಾರಿಸುವ ದೇಶವಾಗಿ ಭಾರತಕ್ಕೆ ಇದು ಹೊರೆ, ರಫ್ತು ನಿಲ್ಲಿಸಿ ಹೆಸರು ಕೆಡಿಸಿಕೊಂಡ ದೇಶವಾಗಿ ಇದು ರಕ್ಷಣೆ. ಹಂಚಿಕೆಯ ಪಾಲು ಮೊದಲೇ ಬರೆದಿದ್ದರೆ ನೆರೆಯವರಿಗೆ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕುವ ಪ್ರಮೇಯ ಕಡಿಮೆ.

ಪ್ರಮಾಣಪತ್ರದ ಬಗ್ಗೆ ಹಳೆಯದೊಂದು ಮಾದರಿ ನಮ್ಮ ಮುಂದಿದೆ. ಹಳದಿ ಜ್ವರದ ಲಸಿಕೆ ಪುಸ್ತಕ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ಒಂದೇ ನಮೂನೆ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ, ಚುಚ್ಚಿದ 10 ದಿನಗಳ ಬಳಿಕ ಮಾನ್ಯ, 2016ರಿಂದ ಜೀವನಪೂರ್ತಿ ಸಿಂಧು. ದೇಶ ದೇಶದ ಜೊತೆ ಬೇರೆ ಬೇರೆ ಚೌಕಾಶಿ ಬೇಕಿಲ್ಲ. ಅದೇ ನಿಯಮಗಳಿಗೆ 2024ರಲ್ಲಿ ಮಾಡಿದ ತಿದ್ದುಪಡಿ 2025ರ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದಿದ್ದು, ಆರೋಗ್ಯ ದಾಖಲೆ ಡಿಜಿಟಲ್ ರೂಪದಲ್ಲೂ ಇರಬಹುದೆಂದು ಒಪ್ಪುತ್ತದೆ. ಭಾರತ ಈಗಲೇ, ರೋಗವಿಲ್ಲದ ಕಾಲದಲ್ಲಿ, ಗಲ್ಫ್‌ನ ಆರು ದೇಶಗಳೊಂದಿಗೆ ಎರಡು ವಿಷಯ ಬರೆದಿಟ್ಟುಕೊಳ್ಳಬಹುದು. ಭಾರತದ ಲಸಿಕೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅರ್ಜಿ ಹಾಕಿ ಕಾಯುತ್ತಿರುವ ಅವಧಿಯಲ್ಲಿ ಅದನ್ನು ಪಡೆದ ನೌಕರರಿಗೆ ಪರೀಕ್ಷೆಯ ಷರತ್ತಿನ ಮೇಲೆ ತಾತ್ಕಾಲಿಕ ಪ್ರವೇಶ ಸಿಗಬೇಕು. ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು, ಜನ್ಮದಿನಾಂಕ, ಲಸಿಕೆಯ ಅಂತರರಾಷ್ಟ್ರೀಯ ಹೆಸರು, ಬ್ಯಾಚ್ ಸಂಖ್ಯೆ ಇರಬೇಕು. ಕೇರಳದ ಸಂಸದರು, ಕರಾವಳಿ ಕರ್ನಾಟಕದ ಸಂಸದರು ಒಟ್ಟಾಗಿ ಸಂಸತ್ತಿನಲ್ಲಿ ಕೇಳಿದರೆ ವಿದೇಶಾಂಗ ಸಚಿವಾಲಯ ಉತ್ತರಿಸಲೇಬೇಕಾದ ಪ್ರಶ್ನೆ ಇದು.